ಚಿಕ್ಕವರಿಗೆ ರಜ ಜಾಸ್ತಿ

ಎಪ್ಪತ್ನಾಲ್ಕನೇ ಇಸವಿ. ಶಿವರಾತ್ರಿ ಕಳೆದು ಮೂರು ದಿನವಾಗಿತ್ತು. ಮಧ್ಯಾಹ್ನ ಮಗನ ತಟ್ಟೆಗೆ ಮುದ್ದೆ ಇಡುತ್ತ ಕಲ್ಲಮ್ಮ ಮಾತು ತೆಗೆದಳು.

"ಗುಬ್ಬಿ ಕಡೆ ಒಂದು ಹೆಣ್ಣೈತಂತೆ ಕಣಪ್ಪ ಸ್ವಾಮಿ. ತಂದೆ ಇಲ್ಲದ ಹುಡುಗಿ. ಎರಡನೇ ಸಂಬಂಧ ಅಂದ್ರೂ ಒಪ್ತಾರಂತೆ."

ಹಾಲಸ್ವಾಮಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

"ಹನ್ನೆರಡು ವರ್ಷ ಕಾದಿದ್ದೀನಿ. ಇವಳನ್ನ ಯಾರೂ ಆಚೆ ಹಾಕಾಕಿಲ್ಲ. ಇವಳೂ ಇರ್ಲಿ. ಮನೇಲಿ ಒಂದು ಕೂಸು ಓಡಾಡಬೇಕು, ಅಷ್ಟೇಯ."

ಇವಳು ಎಂದರೆ ಹಾಲಸ್ವಾಮಿಯ ಹೆಂಡತಿ ಸರ್ವಮಂಗಳ. ಅವಳು ಅಲ್ಲೇ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅವನು ತಲೆ ಎತ್ತಿ ನೋಡುತ್ತಾನೇನೋ ಎಂದು ಒಂದು ಗಳಿಗೆ ಕಾದಳು. ಅವನು ನೋಡಲಿಲ್ಲ. ಅವಳು ಪಾತ್ರೆ ಕೆಳಗಿಟ್ಟು ಹಿತ್ತಲಿಗೆ ಹೋಗಿ, ಬೆಳಗ್ಗೆ ಒಮ್ಮೆ ತೊಳೆದಿದ್ದ ಕೊಳಗವನ್ನೇ ಮತ್ತೆ ತೊಳೆಯುತ್ತ ಕೂತಳು.

ಮಾಯಸಂದ್ರದಿಂದ ಎರಡು ಮೈಲಿ ಒಳಗಿನ ಆ ಊರಿನಲ್ಲಿ ಅವರದು ಅನುಕೂಲವಾಗಿದ್ದ ಮನೆ. ಮನೆಯ ಹಿಂದೆಯೇ ತೆಂಗಿನ ತೋಟ, ತೋಟದೊಳಗೆ ಮೆಟ್ಟಿಲು ಬಾವಿ, ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿ. ಇಲ್ಲದ್ದು ಒಂದೇ. ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ, ಅದೂ ಇಲ್ಲವೆನಿಸುತ್ತಿರಲಿಲ್ಲ. ಹಾಲಸ್ವಾಮಿಯ ತಂಗಿ ಶಾಂತಕುಮಾರಿಯ ಮೂರು ಮಕ್ಕಳು ಚಿಕ್ಕನಾಯಕನಹಳ್ಳಿಯಿಂದ ಬಂದು ಒಂದೂವರೆ ತಿಂಗಳು ಇದ್ದು ಹೋಗುತ್ತಿದ್ದರು.

ಸುದ್ದಿ ಕಿವಿಗೆ ಬಿದ್ದದ್ದೇ ಶಾಂತಕುಮಾರಿ ಒಬ್ಬಳೇ ಬಸ್ಸು ಹತ್ತಿ ಬಂದಳು. ಕಾಲು ತೊಳೆದು ಅಡುಗೆಮನೆಗೆ ನೇರವಾಗಿ ನಡೆದಳು.

"ಅವ್ವಾ, ಅಣ್ಣಂಗೆ ಇನ್ನೊಂದು ಮದುವೆ ಮಾಡ್ತೀಯಂತೆ?"

"ಮಾಡ್ದೆ ಏನು ಮಾಡ್ಲಿ? ನೀನೇ ಹೇಳು."

"ನನ್ನ ಮೂರು ಬಾಣಂತನ ಮಾಡಿದ್ದು ಯಾರು? ಅತ್ತಿಗೆ. ನೀಲೂಗೆ ಮೊದಲನೇ ನೀರು ಹಾಕಿದ್ದು ಅತ್ತಿಗೆ ಕೈ. ಅವರ ತಲೆ ಮೇಲೆ ಸವತಿ ತಂದು ಕೂರಿಸ್ತೀಯಾ?"

"ನಂಗೇನು ಸಂತೋಷವಾ ಅದು? ಕೂಸು ಬೇಕಲ್ಲೇ ಮನೆಗೆ."

"ಕೂಸು ತಾನೆ ಬೇಕು? ನೀಲೂನ ಇಟ್ಕೊಳ್ಳಿ."

ಕೊತ್ತಂಬರಿ ಬಿಡಿಸುತ್ತಿದ್ದ ಸರ್ವಮಂಗಳನ ಕೈ ನಿಂತಿತು. ನೀಲಾಂಬಿಕೆ ಶಾಂತಕುಮಾರಿಯ ಕೊನೆಯ ಮಗಳು. ಆರು ವರ್ಷ.

"ನಿನ್ನ ಗಂಡ ಏನಂದ್ರು?" ಕಲ್ಲಮ್ಮ ಕೇಳಿದಳು.

"ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಆಮೇಲೆ ಒಪ್ಪಿದ್ರು. ಬೇರೆ ಯಾರಿಗೋ ಕೊಡ್ತಿಲ್ವಲ್ಲ ಅಂದೆ."

ಕಲ್ಲಮ್ಮ ಗೋಡೆಗೆ ಒರಗಿ ಲೆಕ್ಕ ಹಾಕಿದಳು. ಹೆಣ್ಣು ಮಗುವಾದರೂ ತನ್ನದೇ ರಕ್ತ. ಮುಂದೆ ಮನೆ ಅಳಿಯನನ್ನು ತರಬಹುದು. "ಆಗ್ಲಿ. ಒಂದು ವರ್ಷ ನೋಡಾನ. ಮಗು ಹೊಂದ್ಕೊಂಡ್ರೆ ಸರಿ. ಇಲ್ಲಾಂದ್ರೆ ಆಮೇಲೆ ನನ್ನ ಮಾತಿಗೆ ಯಾರೂ ಅಡ್ಡ ಬರಬ್ಯಾಡಿ" ಎಂದಳು.

ನೀಲುವಿಗೆ ಏನೂ ಹೇಳಬಾರದು ಎಂದದ್ದೂ ಶಾಂತಕುಮಾರಿಯೇ. "ಹೇಳಿದ್ರೆ ಅವಳು ಬಸ್ಸೇ ಹತ್ತಲ್ಲ. ರಜಕ್ಕೆ ಬರೋ ಹಾಗೆ ಬರಲಿ. ಇಲ್ಲೇನು ಹೊಸದಾ ಅವಳಿಗೆ? ಅಕ್ಕ ಅಣ್ಣ ಹೊರಟು ಬಂದರೂ ಹಾಗೇ ಇದ್ದುಬಿಡ್ತಾಳೆ." ಸಂಜೆ ಹಾಲಸ್ವಾಮಿಗೂ ಹೇಳಿದರು. ಅವನು ತಲೆ ಆಡಿಸಿದ. ಬೇಡ ಅನ್ನುವ ಧೈರ್ಯ ಸರ್ವಮಂಗಳನಿಗಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ.

ಏಪ್ರಿಲ್ ಎರಡನೇ ವಾರ ಮಕ್ಕಳು ಬಂದರು. ಹನ್ನೆರಡು ವರ್ಷದ ಪಂಕಜ, ಹತ್ತು ವರ್ಷದ ತೋಂಟದಾರ್ಯ, ನೀಲು. ಬಂದ ದಿನವೇ ಮನೆಯ ಲೆಕ್ಕ ಬದಲಾಯಿತು. ಹಾಲು ಎರಡು ಪಾವು ಹೆಚ್ಚು ಕಾಯುತ್ತಿತ್ತು. ಹಿತ್ತಲ ತಂತಿಯ ಮೇಲೆ ಪುಟ್ಟ ಲಂಗಗಳು ಹಾರಾಡಿದವು.

ಬೆಳಿಗ್ಗೆ ಎದ್ದರೆ ಮಾಳಿಗೆಯ ಮೇಲೆ ಸಂಡಿಗೆ. ಸರ್ವಮಂಗಳ ಬಟ್ಟೆ ಹಾಸಿ ಸಂಡಿಗೆ ಇಟ್ಟು ಹೋದರೆ ಕಾಗೆ ಓಡಿಸುವ ಕೆಲಸ ಮಕ್ಕಳದು. ಕಾಗೆಗಿಂತ ಹೆಚ್ಚು ಹಸಿ ಸಂಡಿಗೆ ತೋಂಟದಾರ್ಯನ ಹೊಟ್ಟೆಗೆ ಹೋಗುತ್ತಿತ್ತು. ಬಿಸಿಲೇರಿದ ಮೇಲೆ ತೋಟ. ಬಿದ್ದ ತೆಂಗಿನ ಗರಿಯ ಬುಡದಲ್ಲಿ ನೀಲುವನ್ನು ಕೂರಿಸಿ ತುದಿ ಹಿಡಿದು ಇಬ್ಬರೂ ಎಳೆಯುವರು. ಧೂಳಿನಲ್ಲಿ ಮುಳುಗಿ, "ಇನ್ನೊಂದು ರೌಂಡು, ಇನ್ನೊಂದು ರೌಂಡು" ಎಂದು ಅವಳು ಕೂಗುತ್ತಿದ್ದದ್ದು ಅಡುಗೆಮನೆಗೂ ಕೇಳಿಸುತ್ತಿತ್ತು. ಎಳೆ ಗರಿಯಲ್ಲಿ ವಾಚು, ಹಾವು, ಗಿರಗಿಟ್ಲೆ ಕಟ್ಟಿಕೊಡುವುದು ಕಲ್ಲಮ್ಮನ ಕೆಲಸ. ಆ ಒರಟು ಕೈಗಳು ಅಷ್ಟು ನಾಜೂಕಾಗಿ ಮಡಚುವುದನ್ನು ನೋಡಿದರೆ ಅಂದು ಮಧ್ಯಾಹ್ನ ಗುಬ್ಬಿಯ ಮಾತು ತೆಗೆದವಳು ಇವಳೇನಾ ಅನ್ನಿಸುತ್ತಿತ್ತು.

ಒತ್ತು ಶ್ಯಾವಿಗೆ ಮಾಡಿದ ದಿನ ಮನೆಯೇ ಹಬ್ಬ. ಶ್ಯಾವಿಗೆ ಒರಳಿನ ಹಿಡಿಗೆ ತೋಂಟದಾರ್ಯ ಜೋತುಬೀಳುತ್ತಿದ್ದ, ಅವನ ಸೊಂಟಕ್ಕೆ ನೀಲು. ಬಿಸಿ ಎಳೆ ಕೆಳಗಿಳಿಯುತ್ತಿದ್ದಂತೆ ಪಂಕಜ ಬಾಳೆಎಲೆ ಒಡ್ಡುವಳು. ಮೇಲೆ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು. ಬಸವ ಜಯಂತಿಯ ದಿನ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ ಮಿಕ್ಕ ಬಣ್ಣವನ್ನು ಒಬ್ಬರ ಮೂಗಿಗೊಬ್ಬರು ಬಳಿದುಕೊಂಡರು. ಹಾಲಸ್ವಾಮಿಯ ಮೂಗಿಗೂ ಬಳಿದರು. ಅವನು ಹಾಗೇ ಊಟಕ್ಕೆ ಕೂತ.

ಮಾತು ಕಡಿಮೆಯ ಆ ಮನುಷ್ಯ ಬಾವಿಗಿಳಿದರೆ ಬೇರೆಯೇ ಆಗುತ್ತಿದ್ದ. ಎರಡು ಒಣ ಕಾಯಿ ಜೋಡಿಸಿ ನೀಲುವಿನ ಸೊಂಟಕ್ಕೆ ಕಟ್ಟಿ ನೀರಿಗೆ ಬಿಡುತ್ತಿದ್ದ.

"ಮಾವಾ, ಕೈ ಬಿಡಬೇಡ. ಬಿಟ್ರೆ ಅತ್ತೆಗೆ ಹೇಳ್ತೀನಿ."

"ಬಿಡಲ್ಲ ಕಣೇ. ಕಾಲು ಬಡಿ."

"ಬಿಟ್ಟಿದ್ದೀಯ! ಮಾವಾ, ಬಿಟ್ಟಿದ್ದೀಯ!"

"ನಾನು ಬಿಟ್ಟು ಎಷ್ಟು ಹೊತ್ತಾಯ್ತು, ಕೋತಿ. ನೀನೇ ಈಜ್ತಿದ್ದೀಯ."

ಬಟ್ಟೆ ಒಗೆಯಲು ಬಂದಿದ್ದ ಸರ್ವಮಂಗಳ ಮೇಲಿನ ಮೆಟ್ಟಿಲಲ್ಲಿ ಕೂತು ಇದನ್ನೆಲ್ಲ ನೋಡಿದಳು. ನಗುತ್ತಿದ್ದ ಗಂಡನ ಮುಖ ನೋಡಿ ಎಷ್ಟು ವರ್ಷವಾಗಿತ್ತೋ. ನೀಲು ಇನ್ನು ಹೋಗುವುದಿಲ್ಲ ಎಂದುಕೊಂಡಾಗ ಅವಳ ಎದೆ ತುಂಬಿ ಬಂತು.

ಮೇ ತಿಂಗಳ ನಡುವೆ ಪಂಕಜನಿಗೆ ವಿಷಯ ತಿಳಿಯಿತು. ನೆರೆಮನೆಯ ಪುಟ್ಟಗಂಗಮ್ಮನ ಹತ್ತಿರ ಕಲ್ಲಮ್ಮ ಜಗಲಿಯಲ್ಲಿ ಕೂತು, "ಚಿಕ್ಕದು ಇನ್ನು ನಮ್ದೇಯ, ಶಾಂತ ಕೊಟ್ಟವಳೆ" ಎಂದಳು. ಬಾಗಿಲ ಹಿಂದೆ ಹುಡುಗಿ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಪಂಕಜ ನೇರವಾಗಿ ಬಾವಿಯ ಹತ್ತಿರ ಬಂದಳು.

"ಅತ್ತೆ, ನೀಲೂನ ಇಲ್ಲೇ ಬಿಟ್ಟು ಹೋಗ್ತೀವಾ?"

ಸೀರೆ ಹಿಂಡುತ್ತಿದ್ದ ಸರ್ವಮಂಗಳ ಇತ್ತ ತಿರುಗಿದಳು. "ಯಾರು ಹೇಳಿದ್ರು?"

"ಹೌದಾ, ಇಲ್ವಾ?"

"ಹೌದು ಕಣಮ್ಮ. ನಿಮ್ಮಮ್ಮನೇ ಹೇಳಿದ್ದು."

"ಅಮ್ಮ ನನ್ನ ಕೇಳ್ಲಿಲ್ಲ."

"ದೊಡ್ಡೋರ ವಿಷಯ…"

"ನೀಲು ನನ್ನ ಪಕ್ಕ ಮಲಗೋದು ಅತ್ತೆ. ನನ್ನ ಜಡೆ ಹಿಡ್ಕೊಂಡೇ ನಿದ್ದೆ ಮಾಡೋದು ಅವಳು. ನಿಮಗೇನು ಗೊತ್ತು?"

"ಅವಳಿಗೆ ಹೇಳಬೇಡ ಪಂಕಜ. ನಿನ್ನ ಕಾಲಿಗೆ ಬೀಳ್ತೀನಿ."

ಅತ್ತೆ ಹಾಗೆನ್ನಬಾರದಿತ್ತು. ಹುಡುಗಿ ಹೆದರಿ ಹಿಂದೆ ಸರಿದಳು. ಅವಳು ತಂಗಿಗೆ ಹೇಳಲಿಲ್ಲ. ಆದರೆ ಅಂದಿನಿಂದ ಆಟಕ್ಕೂ ಸೇರಲಿಲ್ಲ. ಮಾವಿನಹಣ್ಣಿನ ಸೀಕರಣೆ ಮಾಡಿದ ದಿನ ತನ್ನ ಬಟ್ಟಲನ್ನು ನೀಲುವಿನ ಮುಂದೆ ತಳ್ಳಿ, "ನೀನೇ ತಿನ್ನು" ಎಂದಳು. ನೀಲು ಎರಡು ಬಟ್ಟಲೂ ಮುಗಿಸಿದಳು.

ಮೇ ಮೂವತ್ತಕ್ಕೆ ಮಕ್ಕಳ ಅಪ್ಪ ಬಸವರಾಜಪ್ಪ ಕರೆದೊಯ್ಯಲು ಬಂದರು. ಮಿಡ್ಲಿಸ್ಕೂಲು ಮೇಷ್ಟರು. ಯಾವಾಗಲೂ ನೀಟಾಗಿ ಮಾತಾಡುವವರು ಅಂದು ಕಾಫಿ ಕೈಯಲ್ಲಿ ಹಿಡಿದು ತಣ್ಣಗಾಗುವವರೆಗೂ ಕೂತಿದ್ದರು. ನೀಲು ತೊಡೆಯೇರಿ ಕೂತು ತನ್ನ ಈಜಿನ ಸಾಹಸವನ್ನೆಲ್ಲ ಹೇಳಿದಳು.

"ಬಸ್ಸಿಗೆ ಹೊತ್ತಾಯ್ತು" ಎಂದಳು ಕಲ್ಲಮ್ಮ. ಮಗನ ಮುಖ ನೋಡಿದಳು.

ಹಾಲಸ್ವಾಮಿ ಎದ್ದ. "ಬಾ ನೀಲು. ಲಕ್ಕಯ್ಯನ ತೋಟದಲ್ಲಿ ಹಸು ಕರು ಹಾಕೈತೆ. ನೋಡ್ಕೊಂಡು ಬರಾನ."

ಅವಳು ಅಪ್ಪನ ತೊಡೆಯಿಂದ ಜಿಗಿದು ಮಾವನ ಬೆರಳು ಹಿಡಿದು ಹೊರಟಳು. ಬಸವರಾಜಪ್ಪ ಬಾಗಿಲವರೆಗೆ ಬಂದು ನಿಂತು, ತೋಟದ ಬೇಲಿ ತಿರುಗುವವರೆಗೂ ನೋಡಿದರು. ತೋಂಟದಾರ್ಯನಿಗೆ ಏನೂ ಗೊತ್ತಿರಲಿಲ್ಲ. "ಅಪ್ಪಾ, ನೀಲು?" ಎಂದ. ಪಂಕಜ ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

ಕರು ನೋಡಿ ಬಂದ ನೀಲು ಮನೆಯೆಲ್ಲ ಸುತ್ತಿದಳು. "ಅಕ್ಕ ಎಲ್ಲಿ? ಅಪ್ಪ ಎಲ್ಲಿ?"

"ಊರಿಗೆ ಹೋದ್ರು ಕಣಮ್ಮ" ಎಂದಳು ಸರ್ವಮಂಗಳ.

"ನಾನು?"

"ಅವರಿಗೆ ರಜ ಮುಗೀತು. ಚಿಕ್ಕವರಿಗೆ ರಜ ಜಾಸ್ತಿ" ಎಂದುಬಿಟ್ಟಳು ಸರ್ವಮಂಗಳ.

ನೀಲು ಸ್ವಲ್ಪ ಯೋಚಿಸಿದಳು. ನಂಬಿದಳು. "ಹಾಗಾದ್ರೆ ನಾಳೆ ಶ್ಯಾವಿಗೆ ಮಾಡು" ಎಂದಳು.

ಆ ಸುಳ್ಳು ಹತ್ತು ದಿನ ಬಾಳಿತು. ಜೂನ್ ಹತ್ತರ ಬೆಳಿಗ್ಗೆ ಹಾಲಸ್ವಾಮಿ ಹೊಸ ಸ್ಲೇಟು ತಂದು ಅವಳನ್ನು ಊರಿನ ಶಾಲೆಗೆ ಕರೆದುಕೊಂಡು ಹೋದ. ಅಲ್ಲಿ ಅವಳಿಗಿಂತ ಚಿಕ್ಕ ಮಕ್ಕಳು ಸಾಲಾಗಿ ಕೂತು ಮಗ್ಗಿ ಹೇಳುತ್ತಿದ್ದರು. ಮೇಷ್ಟರು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡರು. ಮಧ್ಯಾಹ್ನ ಮನೆಗೆ ಬಂದವಳು ಸ್ಲೇಟನ್ನು ಗೂಡಿನಲ್ಲಿಟ್ಟು, "ರಜ ಇಲ್ವಲ್ಲ ಅತ್ತೆ" ಎಂದಳು. ಅಷ್ಟೆ. ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಳ್ಳಬಹುದಿತ್ತು, ಸಮಾಧಾನ ಮಾಡಬಹುದಿತ್ತು.

ಅಂದಿನಿಂದ ಅವಳು ಒಳ್ಳೆಯ ಮಗುವಾದಳು. ಉಂಡ ತಟ್ಟೆಯನ್ನು ತಾನೇ ತೊಳೆದಳು. ಸ್ನಾನಕ್ಕೆ ಕರೆದರೆ ಒಂದೇ ಕೂಗಿಗೆ ಬಂದಳು. ಮುದ್ದೆ ಬೇಡವೆನ್ನಲಿಲ್ಲ, ತುಪ್ಪ ಬೇಕೆನ್ನಲಿಲ್ಲ. ಹಾಲಸ್ವಾಮಿ ಭಾನುವಾರ ಬಾವಿಗೆ ಕರೆದ.

"ಬೇಡ ಮಾವ."

"ಯಾಕೆ? ಕಾಯಿ ಇಲ್ದೆ ಈಜಬೌದು ನೀನೀಗ."

"ನಾನು ಪೊರಕೆ ಹಿಡೀತೀನಿ. ಹಿತ್ತಲು ಗುಡಿಸ್ಬೇಕು."

ಕಲ್ಲಮ್ಮನಿಗೆ ಮಾತ್ರ ಇದರಲ್ಲಿ ತಪ್ಪೇನೂ ಕಾಣಲಿಲ್ಲ. "ನೋಡು, ಎಂಗೆ ಹೊಂದ್ಕೊಂಡವಳೆ. ಗಲಾಟೆ ಇಲ್ಲ, ಹಟ ಇಲ್ಲ. ನೀವೆಲ್ಲ ಸುಮ್ಕೆ ಹೆದ್ರಿದ್ರಿ" ಎಂದು ಎಲ್ಲರಿಗೂ ಹೇಳಿದಳು. ಗರಿಯ ವಾಚು ಕಟ್ಟಿಕೊಟ್ಟರೆ ನೀಲು ಕೈಗೆ ಹಾಕಿಸಿಕೊಂಡಳು. ಅಜ್ಜಿ ಒಳಗೆ ಹೋದ ಮೇಲೆ ಬಿಚ್ಚಿ ಕಂಬದ ಬುಡದಲ್ಲಿಟ್ಟಳು.

ಶಾಂತಕುಮಾರಿ ಆರು ತಿಂಗಳು ಬರುವುದು ಬೇಡವೆಂದು ಮಾತಾಗಿತ್ತು. ಬಂದರೆ ಮಗು ಮತ್ತೆ ಹಚ್ಚಿಕೊಳ್ಳುತ್ತದೆ. ಕಾರ್ಡು ಮಾತ್ರ ಬರುತ್ತಿತ್ತು. ಎಲ್ಲರೂ ಕ್ಷೇಮ, ನೀಲು ಚೆನ್ನಾಗಿದ್ದಾಳೆಂದು ನಂಬಿದ್ದೇವೆ. ಹಾಲಸ್ವಾಮಿ ಓದುವಾಗ ನೀಲು ಕಂಬದ ಹತ್ತಿರ ನಿಂತು ಕೇಳುತ್ತಿದ್ದಳು. ಯಾವ ಕಾರ್ಡಿನಲ್ಲೂ ಅವಳನ್ನು ಕರೆದುಕೊಂಡು ಹೋಗುವ ಮಾತಿರುತ್ತಿರಲಿಲ್ಲ.

ಶ್ರಾವಣ ಬಂತು. ನಾಗರಪಂಚಮಿಗೆ ತಂಬಿಟ್ಟು, ಸೋಮವಾರಗಳಿಗೆ ಪಾಯಸ. ಮಗುವಿನ ಹೊಟ್ಟೆ ಬೆನ್ನಿಗಂಟತೊಡಗಿತು. ಒಂದು ಸಂಜೆ ತಲೆಗೆ ಎಣ್ಣೆ ಹಚ್ಚುತ್ತ ಸರ್ವಮಂಗಳ ಕೇಳಿದಳು: "ಯಾಕಮ್ಮ ಇಷ್ಟು ಬಡವಾಗಿದ್ದೀಯ? ಅತ್ತೆ ಅಡುಗೆ ಸೇರಲ್ವಾ?"

"ಸೇರುತ್ತೆ."

"ಮತ್ತೆ ಯಾಕೆ ಅರ್ಧಕ್ಕೇ ಸಾಕು ಅಂತೀಯ?"

ನೀಲು ಹಿಂದೆ ತಿರುಗದೆ ಕೇಳಿದಳು.

"ಅತ್ತೆ, ಅವತ್ತು ಅಕ್ಕನ ಸೀಕರಣೆ ನಾನು ತಿಂದೆ ಅಂತ ಬಿಟ್ಟು ಹೋದ್ರಾ?"

ಸರ್ವಮಂಗಳ ಎಣ್ಣೆಯ ಬಟ್ಟಲು ಕೆಳಗಿಟ್ಟಳು.

"ಅಕ್ಕನೇ ಕೊಟ್ಟಿದ್ದು. ನಾನು ಕಿತ್ಕೊಳ್ಲಿಲ್ಲ. ಅಮ್ಮಂಗೆ ಹೇಳು ಅತ್ತೆ. ಇನ್ಮೇಲೆ ನಾನು ಎರಡನೇ ಸಲ ಹಾಕಿಸ್ಕೊಳ್ಳಲ್ಲ. ಈಗ ಹಾಕಿಸ್ಕೊಳ್ತಾ ಇಲ್ವಲ್ಲ, ನೀನೇ ನೋಡಿದ್ದೀಯ."

ಅವಳು ಮಗುವನ್ನು ತಿರುಗಿಸಿ ಎದೆಗೆ ಅವುಚಿಕೊಂಡಳು. ಎಣ್ಣೆಗೈ ಬೆನ್ನಿಗೆಲ್ಲ ಹತ್ತಿತು. ಮಗು ಅವಳ ತೋಳಿನಲ್ಲಿ ಕಡ್ಡಿಯ ಹಾಗೆ ಬಿಗಿಯಾಗಿ ಕೂತಿತ್ತು. ಉತ್ತರಕ್ಕೆ ಕಾಯುತ್ತಿತ್ತು.

ಗೌರಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ಪ್ರತಿ ವರ್ಷ ಹಾಲಸ್ವಾಮಿ ಚಿಕ್ಕನಾಯಕನಹಳ್ಳಿಗೆ ಹೋಗಿ ತಂಗಿಗೆ ಬಾಗಿನ ಕೊಟ್ಟು ಬರುತ್ತಿದ್ದ. ಮರುದಿನ ಬೆಳಿಗ್ಗೆ ಮೊರಕ್ಕೆ ಅರಿಶಿನ ಹಚ್ಚುತ್ತ ಸರ್ವಮಂಗಳ ಅತ್ತೆಗೆ ಹೇಳಿದಳು.

"ಈ ಸಲ ಬಾಗಿನ ನಾನು ತಗೊಂಡು ಹೋಗ್ತೀನಿ. ನೀಲೂನೂ ಬರ್ತಾಳೆ."

ಕಲ್ಲಮ್ಮ ಬೀಸುವ ಕಲ್ಲು ನಿಲ್ಲಿಸಿದಳು. "ಈಗ ಬ್ಯಾಡ. ಅವ್ವನ ಮುಖ ನೋಡಿದ್ರೆ ವಾಪಸು ಬತ್ತಾಳಾ?"

"ವಾಪಸು ಕರ್ಕೊಂಡು ಬರಲ್ಲ ಅತ್ತೆಮ್ಮ."

"ಏನಂದೆ?"

"ಬಿಟ್ಟು ಬತ್ತೀನಿ."

"ನಿಂಗೆ ಬುದ್ಧಿ ಐತಾ? ಯಾರಿಗೋಸ್ಕರ ಇದನ್ನೆಲ್ಲ ಮಾಡಿದ್ದು? ನಿಂಗೋಸ್ಕರ ಅಲ್ವೇನೇ?"

"ಹೌದು. ನಂಗೋಸ್ಕರ. ಅದಕ್ಕೇ ನನ್ನ ಕೈಯಲ್ಲಿ ಆಗ್ತಿಲ್ಲ."

"ಮಕ್ಕಳು ನಾಕು ದಿನ ಅಳ್ತವೆ. ಆಮ್ಯಾಕೆ ಮರೀತವೆ."

"ಅವಳು ಅತ್ತಿದ್ದು ನೀವು ನೋಡಿದ್ದೀರಾ? ಒಂದು ದಿನ? ಬೇಕು ಅಂತ ಏನಾದ್ರೂ ಕೇಳಿದ್ದು ನೋಡಿದ್ದೀರಾ? ಬಾಡಿಗೆಗೆ ಬಂದೋರ ಹಾಗೆ ಇದ್ದಾಳೆ ಮಗು ನಮ್ಮನೇಲಿ."

"ಬುಟ್ಟು ಬಂದ್ರೆ ಆಮ್ಯಾಕೆ ಗುಬ್ಬಿ ಹೆಣ್ಣು ಬತ್ತಾಳೆ. ಗೊತ್ತಲ್ಲ?"

"ಗೊತ್ತು."

"ಆಗ ನನ್ನ ಮುಂದೆ ಅಳಬ್ಯಾಡ."

"ಅಳಲ್ಲ" ಎಂದಳು ಸರ್ವಮಂಗಳ. ಮೊರಕ್ಕೆ ಅಕ್ಕಿ, ಬೇಳೆ, ಬೆಲ್ಲ, ಕಾಯಿ ಜೋಡಿಸಿ, ಕುಪ್ಪಸದ ಖಣ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ಕಟ್ಟಿದಳು. ನಡುಮನೆಯಲ್ಲಿ ಕೂತಿದ್ದ ಹಾಲಸ್ವಾಮಿಗೆ ಎಲ್ಲವೂ ಕೇಳಿಸಿತ್ತು. ಅವನು ಟವಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದ.

ಹಬ್ಬದ ಹಿಂದಿನ ದಿನ ಅವರು ಹೊರಟರು. ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಾಯಿಸಬೇಕು. ಕಾಯುವಾಗ ಸರ್ವಮಂಗಳ ಅಂಗಡಿಯಿಂದ ಬಾಳೆಹಣ್ಣು ಕೊಡಿಸಿದಳು. ನೀಲು ಅರ್ಧ ತಿಂದು ಅರ್ಧ ಸಿಪ್ಪೆಯಲ್ಲಿ ಸುತ್ತಿಟ್ಟುಕೊಂಡಳು.

"ಅತ್ತೆ, ಸಂಜೆ ವಾಪಸು ಬರ್ತೀವಾ?"

"ನಾನು ಬರ್ತೀನಿ. ನೀನು ಅಮ್ಮನ ಹತ್ರ ಇರ್ತೀಯ."

"ಎಷ್ಟು ದಿನ?"

"ಯಾವಾಗಲೂ."

ನೀಲು ಅವಳ ಮುಖವನ್ನು ನೋಡಿದಳು. ದೊಡ್ಡವರು ಹೇಳುವುದನ್ನು ನಂಬಬಹುದೋ ಬೇಡವೋ ಎಂದು ನೋಡುವ ಆ ನೋಟ ಆರು ವರ್ಷದ ಮಗುವಿನದಾಗಿರಲಿಲ್ಲ. ಬಸ್ಸು ಬಂತು. ಚಿಕ್ಕನಾಯಕನಹಳ್ಳಿ ತಲುಪುವವರೆಗೂ ಅವಳು ಆ ಅರ್ಧ ಬಾಳೆಹಣ್ಣನ್ನು ಹಿಡಿದುಕೊಂಡೇ ಕೂತಿದ್ದಳು.

ಶಾಂತಕುಮಾರಿ ಹೊಸ್ತಿಲಿಗೆ ರಂಗೋಲಿ ಹಾಕಿ ಎದ್ದು ನಿಂತಿದ್ದಳು. ಬೀದಿಯಲ್ಲಿ ಬರುತ್ತಿದ್ದವರನ್ನು ಕಂಡಳು. "ನೀಲೂ!" ಎಂದಳು. ಪಂಕಜ ಒಳಗಿನಿಂದ ಓಡಿ ಬಂದಳು. ನೀಲು ಓಡಲಿಲ್ಲ. ಹೊಸ್ತಿಲ ಆಚೆ ಚಪ್ಪಲಿ ಬಿಟ್ಟು, ಅಲ್ಲೇ ನಿಂತು, ಕೈಕಟ್ಟಿ ಕೇಳಿದಳು.

"ಅಮ್ಮಾ, ಒಳಗೆ ಬರ್ಲಾ?"

ಶಾಂತಕುಮಾರಿ ಹೊಸ್ತಿಲು ದಾಟಿ ಬಂದು ಅವಳನ್ನು ಎತ್ತಿಕೊಂಡಳು.

ಊಟವಾದ ಮೇಲೆ ಅಡುಗೆಮನೆಯಲ್ಲಿ ನಾದಿನಿ ಅತ್ತಿಗೆ ಇಬ್ಬರೇ ಉಳಿದರು. "ಹಬ್ಬ ಮುಗಿಸಿ ಕರ್ಕೊಂಡು ಹೋಗಿ ಅತ್ತಿಗೆ" ಎಂದಳು ಶಾಂತಕುಮಾರಿ. ಅವಳ ಕಣ್ಣು ಕೆಂಪಾಗಿತ್ತು. "ನಾನು ಮಾತು ಕೊಟ್ಟಿದ್ದೀನಿ. ಅವ್ವ ಸುಮ್ಮನಿರಲ್ಲ. ನಿಮ್ಮ ಬಾಳು…"

"ನನ್ನ ಬಾಳಿನ ವಿಷಯ ಬಿಡು ಶಾಂತ."

"ಹೇಗೆ ಬಿಡ್ಲಿ?"

"ಸ್ವಂತ ಮನೆ ಬಾಗಿಲಲ್ಲಿ ನಿಂತು ಒಳಗೆ ಬರ್ಲಾ ಅಂತ ಕೇಳಿದ್ಲಲ್ಲೇ. ಇನ್ನೇನು ಕೇಳಬೇಕು ನಿಂಗೆ ಆ ಮಗು ಬಾಯಲ್ಲಿ?"

ಶಾಂತಕುಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಡುಮನೆಯಲ್ಲಿ ಪಂಕಜ ತಂಗಿಯ ತಲೆ ಬಾಚುತ್ತಿದ್ದಳು. ಒಂದು ಸಲವೂ ಅತ್ತೆಯ ಕಡೆ ತಿರುಗಿ ನೋಡಲಿಲ್ಲ.

ಸರ್ವಮಂಗಳ ಬಾಗಿನ ಕೊಟ್ಟು ಅದೇ ಮಧ್ಯಾಹ್ನದ ಬಸ್ಸಿಗೆ ಹೊರಟಳು. ಹಬ್ಬಕ್ಕೆ ನಿಲ್ಲಲಿಲ್ಲ. ಬಸವರಾಜಪ್ಪ ನಿಲ್ದಾಣದವರೆಗೆ ಬಂದು ಕೈ ಮುಗಿದರು.

ಅವಳು ಮನೆ ಸೇರುವಾಗ ಹೊತ್ತು ಮುಳುಗುತ್ತಿತ್ತು. ಹಾಲಸ್ವಾಮಿ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ.

"ಬಿಟ್ಟು ಬಂದ್ಯಾ?"

"ಹೂಂ."

"ಅತ್ಲಾ?"

"ಇಲ್ಲ."

ಅವನು ಹುಲ್ಲಿನ ಕಟ್ಟನ್ನು ಕೆಳಗೆ ಹಾಕಿದ. "ಕರು ತೋರಿಸ್ತೀನಿ ಅಂತ ಕರ್ಕೊಂಡು ಹೋದೋನು ನಾನು. ದಾರೀಲೆಲ್ಲ ಕುಣೀತಿದ್ಲು" ಎಂದ. ಅಷ್ಟರಲ್ಲಿ ಕಲ್ಲಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದಳು.

"ಆಯ್ತಲ್ಲ, ಎಲ್ಲ ನಿಮ್ಮಿಷ್ಟದಂಗೆ. ಹಬ್ಬ ಕಳದ ಮ್ಯಾಕೆ ಗುಬ್ಬಿಗೆ ಹೋಗಿ ಬಾ ಸ್ವಾಮಿ. ಹೇಳಿ ಕಳಿಸ್ತೀನಿ."

"ನಾನು ಹೋಗಲ್ಲವ್ವ."

"ಯಾಕ್ಲಾ?"

"ನಂಗೆ ಇನ್ನೊಂದು ಮದುವೆ ಬೇಡ. ನಂಗೆ ಯಾವತ್ತೂ ಬೇಕಿರಲಿಲ್ಲ."

ಕಲ್ಲಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಗ ಅವಳಿಗೆ ಎದುರು ಆಡಿದ್ದು ಅದೇ ಮೊದಲು. ಸರ್ವಮಂಗಳ ಗಂಡನ ಮುಖವನ್ನೇ ನೋಡಿದಳು. ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು! ಕೇಳಿ ಸಂತೋಷವಾಗಬೇಕಿತ್ತು.

"ಇದನ್ನೇ ಶಿವರಾತ್ರಿ ಕಳೆದಾಗ ಹೇಳಿದ್ರೆ ಆಗ್ತಿರಲಿಲ್ವೇನ್ರೀ?" ಎಂದಳು. "ಊಟಕ್ಕೆ ಕೂತಿದ್ರಲ್ಲ, ಅವತ್ತು. ಒಂದು ಮಾತು. ಆ ಮಗೂಗೆ ಇದೆಲ್ಲ ಬೇಕಿತ್ತಾ?"

ಹಾಲಸ್ವಾಮಿ ಕೆಳಗೆ ಹಾಕಿದ್ದ ಹುಲ್ಲಿನ ಕಟ್ಟನ್ನು ಮತ್ತೆ ಎತ್ತಿಕೊಂಡ. ಅವಳು ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ದೀಪ ಹಚ್ಚಿದಳು.

ಕಲ್ಲಮ್ಮ ಎರಡು ತಿಂಗಳು ಬೇರೆ ಒಲೆ ಹೂಡಿಕೊಂಡು ತಾನೇ ಬೇಯಿಸಿಕೊಂಡಳು. ದೀಪಾವಳಿಯ ಹೊತ್ತಿಗೆ ಕೈ ಸೋತು ಸೊಸೆಯ ಒಲೆಗೇ ಬಂದಳು. ಗುಬ್ಬಿಯ ಮಾತು ಮತ್ತೆ ಎತ್ತಲಿಲ್ಲ.

ಮುಂದಿನ ಬೇಸಿಗೆಗೆ ತೋಂಟದಾರ್ಯ ಒಬ್ಬನೇ ಬಂದ. ಪಂಕಜ ಓದಿನ ನೆಪ ಹೇಳಿದಳು. ನೀಲು ಬಸ್‌ಸ್ಟ್ಯಾಂಡಿಗೆ ಅಣ್ಣನ ಜೊತೆ ಬಂದು, ಬಸ್ಸು ಕಂಡದ್ದೇ ಅಪ್ಪನ ಕಾಲು ತಬ್ಬಿಕೊಂಡಳಂತೆ. ಹುಡುಗನಿಗೆ ಒಬ್ಬನಿಗೇ ಆಟ ಬೇಸರವಾಯಿತು. ಹನ್ನೆರಡು ದಿನಕ್ಕೆ ಹೊರಟ. ಅದರ ಮುಂದಿನ ವರ್ಷ ಅವನೂ ಬರಲಿಲ್ಲ. ಸರ್ವಮಂಗಳ ಶ್ಯಾವಿಗೆ ಒತ್ತುವುದನ್ನು ಬಿಟ್ಟಳು. ಇಬ್ಬರಿಗೆ, ಮೂವರಿಗೆ ಅಷ್ಟು ದೊಡ್ಡ ಒರಳು ಯಾರು ಇಳಿಸುತ್ತಾರೆ? ಒಂದು ಏಪ್ರಿಲ್‌ನಲ್ಲಿ ಕಲ್ಲಮ್ಮ ಜಗಲಿಯಲ್ಲಿ ಕೂತು ಇದ್ದಕ್ಕಿದ್ದಂತೆ ಹೇಳಿದಳು: "ನಾನು ಬಾಯಿ ತೆಗೀದೇ ಇದ್ದಿದ್ರೆ ವರ್ಷಕ್ಕೆ ಒಂದೂವರೆ ತಿಂಗಳಾದ್ರೂ ಇರ್ತಿದ್ವು ಕಣೇ ಮಕ್ಕಳು." ಸರ್ವಮಂಗಳ ಅತ್ತೆಯ ಪಕ್ಕ ಕೂತು ಎಲೆ ಅಡಿಕೆ ಮಡಿಸಿ ಕೊಟ್ಟಳು.

ಎಂಬತ್ತಮೂರರಲ್ಲಿ ಕಲ್ಲಮ್ಮ ತೀರಿಕೊಂಡಳು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ನೀಲು ಬಂದಳು. ಹದಿನೈದು ವರ್ಷ. ಎತ್ತರವಾಗಿ, ಅಪ್ಪನ ಹಾಗೆ ನೀಟಾಗಿ ಮಾತಾಡುವ ಹುಡುಗಿ. ಎಲ್ಲರಿಗೂ ನಮಸ್ಕಾರ ಮಾಡಿದಳು. ಪಂಕ್ತಿಯಲ್ಲಿ ನೀರು ಬಡಿಸಿದಳು. ತೋಟ ಹ್ಯಾಗೈತೆ ನೋಡಿಬರಾನ ಬಾ ಎಂದು ಹಾಲಸ್ವಾಮಿ ಕರೆದಾಗ, "ಬೇಡ ಮಾವ, ಇಲ್ಲೇ ಇರ್ತೀನಿ" ಎಂದಳು. ನಗುತ್ತಲೇ ಎಂದಳು. ಆದರೆ ಅವಳ ಕೈ ಅಪ್ಪನ ಅಂಗಿಯ ತುದಿ ಹಿಡಿದಿದ್ದದ್ದನ್ನು ಸರ್ವಮಂಗಳ ಕಂಡಳು.

ಊಟವಾದ ಮೇಲೆ ನೀಲು ಅಪ್ಪನ ಕಿವಿಯಲ್ಲಿ ಕೇಳುತ್ತಿದ್ದದ್ದು ಪಕ್ಕದಲ್ಲಿದ್ದ ಸರ್ವಮಂಗಳನಿಗೂ ಕೇಳಿಸಿತು. "ಅಪ್ಪಾ, ಇವತ್ತೇ ಹೋಗ್ತೀವಲ್ಲ?"

"ಅಮ್ಮ ಇವತ್ತು ಇರಬೇಕಲ್ಲಮ್ಮ. ನೆಂಟರೆಲ್ಲ ಇದ್ದಾರೆ. ನಾಳೆ ಬೆಳಿಗ್ಗೆ…"

ಹುಡುಗಿಯ ಮುಖ ಬಿಳಿಚಿಕೊಂಡಿತು. ಪಾತ್ರೆ ಎತ್ತಿಡಲು ಬಂದವಳ ಹಾಗೆ ಎದ್ದು ಹೋದಳು.

ಸರ್ವಮಂಗಳ ನೆಂಟರ ನಡುವೆಯೇ ಗಟ್ಟಿಯಾಗಿ ಹೇಳಿದಳು. "ಅಣ್ಣಾ, ನೀವು ನೀಲೂನ ಕರ್ಕೊಂಡು ಐದೂವರೆ ಬಸ್ಸಿಗೆ ಹೊರಟುಬಿಡಿ. ಶಾಂತ ನಾಲ್ಕು ದಿನ ಇದ್ದು ಬರಲಿ."

"ಬಂದಿರೋಳೇ ಇಷ್ಟು ವರ್ಷಕ್ಕೆ, ಒಂದು ರಾತ್ರಿ ಇರಬಾರದಾ?" ಎಂದಳು ಪುಟ್ಟಗಂಗಮ್ಮ.

"ಅವಳಿಗೆ ಸ್ಕೂಲೈತೆ" ಎಂದಳು ಸರ್ವಮಂಗಳ. ಮರುದಿನ ಭಾನುವಾರ.

ಮಾಯಸಂದ್ರದ ರಸ್ತೆಯವರೆಗೆ ಅವಳೇ ಜೊತೆಗೆ ನಡೆದಳು. ಬಸವರಾಜಪ್ಪ ಮುಂದೆ, ಹೆಂಗಸರಿಬ್ಬರು ಹಿಂದೆ. ಬಸ್ಸಿನ ಸದ್ದು ಕೇಳಿದಾಗ ನೀಲು ನಿಂತಳು.

"ಅತ್ತೆ, ರಜದಲ್ಲಿ ನೀವೇ ನಮ್ಮನೆಗೆ ಬನ್ನಿ."

ಚಿಕ್ಕವಳಿದ್ದಾಗ ನೀನು ಎನ್ನುತ್ತಿದ್ದಳು.

"ನಂಗೆ ಇಲ್ಲಿಗೆ ಬರೋಕಾಗಲ್ಲ. ನಿಮ್ಮ ಮೇಲೆ ಕೋಪ ಇಲ್ಲ ಅತ್ತೆ. ನಿಜವಾಗ್ಲೂ ಇಲ್ಲ. ಆದ್ರೆ ಆಗಲ್ಲ."

"ಗೊತ್ತು ಕಣಮ್ಮ. ಹತ್ತು, ಬಸ್ಸು ಹೋಗುತ್ತೆ."

ಬಸ್ಸು ಹೊರಟಿತು. ಮನೆಯಲ್ಲಿ ಇನ್ನೂ ಇಪ್ಪತ್ತು ಜನ ನೆಂಟರಿದ್ದರು, ಒಲೆ ಹಚ್ಚುವ ಹೊತ್ತಾಗಿತ್ತು. ಸರ್ವಮಂಗಳ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದಳು.